ಅಂಟಿನ ಕೆಳಗಿನ ಮಾತು

ಅಧ್ಯಕ್ಷತೆ ವಹಿಸಿರುವ ನಮ್ಮೂರ ಮೇಯರ್ ಗೆರ್ನೋಟ್ ಪ್ರಾಮರ್ ಅವರೇ, ನಮ್ಮ ಚರ್ಚಿನ ಪೂಜ್ಯ ಫಾದರ್ ಕ್ಲೆಮೆನ್ಸ್ ಅವರೇ, ಲಿನ್ಟ್ಸ್ ಪಟ್ಟಣದಿಂದ ಬಂದಿರುವ ಡಾಕ್ಟರ್ ಊಲ್ರಿಕೆ ಸಾಂಟ್ನರ್ ಅವರೇ, ಚರ್ಚಿನ ಕಮಿಟಿಯ ಗೌರವಾನ್ವಿತ ಸದಸ್ಯರೇ, ಮುಂದಿನ ಸಾಲುಗಳಲ್ಲಿ ಕುಳಿತಿರುವ ಹಾಗೂ ಹಿಂದೆ ಬಿಯರಿನ ಮೇಜನ್ನು ಬಿಟ್ಟು ಬರಲೊಲ್ಲದೆ ನಿಂತಿರುವ ಸಭಿಕರೇ,

ನನಗೆ ಸನ್ಮಾನ ಮಾಡಿದ್ದೀರಿ. ಗಾಜಿನ ಚೌಕಟ್ಟು ಹಾಕಿದ ಸರ್ಟಿಫಿಕೇಟ್ ಕೊಟ್ಟಿದ್ದೀರಿ. ಒಂದು ಬುಟ್ಟಿಯನ್ನೂ ಕೊಟ್ಟಿದ್ದೀರಿ. ಅದರಲ್ಲಿ ಜೇನಿದೆ, ಚೀಸ್ ಇದೆ, ಒಣಗಿಸಿದ ಹಂದಿಮಾಂಸವಿದೆ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದ ಕಾರ್ಖಾನೆಯ ಬ್ರೆಡ್ಡೂ ಇದೆ. ಓಬರ್‌ಹಾಸ್ಲಾಖ್ ಊರಿಗೆ ನಲವತ್ತು ವರ್ಷ ಬ್ರೆಡ್ ಬೇಯಿಸಿಕೊಟ್ಟವನ ಹೆಂಡತಿಗೆ ಕಾರ್ಖಾನೆಯ ಬ್ರೆಡ್! ಯಾರು ಆರಿಸಿದರೋ ನನಗೆ ಗೊತ್ತಿಲ್ಲ, ಗೊತ್ತು ಮಾಡಿಕೊಳ್ಳಲೂ ಹೋಗುವುದಿಲ್ಲ. ಆದರೆ ಇವತ್ತು ನನಗೆ ಸಿಟ್ಟು ಬಂದಿರುವುದು ಆ ಬ್ರೆಡ್ಡಿನ ಮೇಲೆ ಅಂತ ದಯವಿಟ್ಟು ಯಾರೂ ತಿಳಿಯಬೇಡಿ.

ನನ್ನ ಸಿಟ್ಟಿಗೆ ಕಾರಣ ಬೇರೆ. ಒಂದು ಕೈಯಲ್ಲಿ ಹೂಗುಚ್ಛ ಕೊಟ್ಟು ಇನ್ನೊಂದು ಕೈಯಲ್ಲಿ ಹಾಡನ್ನು ಕಿತ್ತುಕೊಳ್ಳುವುದಕ್ಕೆ ಸನ್ಮಾನ ಎನ್ನುತ್ತಾರೆಯೇ? ನೀವೇ ಹೇಳಿ.

ಪಕ್ಕದೂರುಗಳಿಂದ ಬಂದವರೂ ಇದ್ದೀರಿ, ಆದ್ದರಿಂದ ನಡೆದದ್ದನ್ನು ಮೊದಲಿನಿಂದ ಹೇಳುತ್ತೇನೆ. ನಾನು ರೋಸಾಲಿಯಾ ಹೋಲ್ಟ್ಸಿಂಗರ್. ನನಗೀಗ ಎಪ್ಪತ್ತೊಂದು ವರ್ಷ. ಸಂಗೀತ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಸ್ವರ ಓದುವುದನ್ನು ನಮ್ಮ ಬ್ರೆಡ್ ಅಂಗಡಿಯಲ್ಲಿ ಗಿರಾಕಿ ಇಲ್ಲದ ಹೊತ್ತಿನಲ್ಲಿ ನಾನೇ ಕಲಿತೆ. ಪ್ರತಿ ವರ್ಷ ಆಗಸ್ಟ್ ಹದಿನೈದರಂದು, ಮಾತೆ ಮರಿಯಮ್ಮನವರ ಹಬ್ಬದ ಪೂಜೆಯಲ್ಲಿ, ನಮ್ಮ ಚರ್ಚಿನ ಹಿಂಬದಿಯಲ್ಲಿರುವ ಹಾಡುಗಾರರ ಅಟ್ಟದ ಮೇಲೆ ನಿಂತು ಒಬ್ಬ ಹೆಂಗಸು ಒಂದೇ ಒಂದು ಹಾಡು ಹಾಡುತ್ತಾಳೆ. ಸೊಪ್ರಾನೊ ಎನ್ನುವ, ಹೆಣ್ಣಿನ ಎತ್ತರದ ದನಿಗೆಂದು ಬರೆದದ್ದು, ಏಳು ನಿಮಿಷದ ಹಾಡು. ಇನ್ನೂರು ವರ್ಷಕ್ಕೂ ಮೇಲಾಯಿತು, ಯುದ್ಧದ ವರ್ಷಗಳಲ್ಲೂ ಅದು ನಿಂತಿಲ್ಲ. ಮೂವತ್ತೆಂಟು ವರ್ಷ ಅದನ್ನು ಹಾಡಿದ್ದು ನಾನು. ಈಗ ನನ್ನ ಉಸಿರು ಸಾಲುತ್ತಿಲ್ಲ. ಆದ್ದರಿಂದ ಎರಡು ವರ್ಷದಿಂದ ನಮ್ಮ ಆಫ್ರಾಳಿಗೆ ಕಲಿಸಿದ್ದೇನೆ. ಗೊತ್ತಲ್ಲ, ನಿಮ್ಮೆಲ್ಲರ ಮನೆಗೆ ಟಪಾಲು ತಂದುಕೊಡುವ ಆಫ್ರಾ. ಬರುವ ಹಬ್ಬಕ್ಕೆ ಅವಳು ಹಾಡಬೇಕಿತ್ತು.

ಹಾಡಬೇಕಿತ್ತು ಎನ್ನುತ್ತಿದ್ದೇನೆ. ಏಕೆಂದರೆ ಮೂರು ವಾರದ ಕೆಳಗೆ ಕಮಿಟಿಯಿಂದ ನನಗೊಂದು ಕಾಗದ ಬಂತು.

ಅದಕ್ಕೂ ಮೊದಲು ನಡೆದದ್ದು ಇಷ್ಟು. ಡಾಕ್ಟರ್ ಸಾಂಟ್ನರ್ ಅವರು ಹಳೆಯ ಸಂಗೀತದ ಕಾಗದಗಳನ್ನು ಪರೀಕ್ಷೆ ಮಾಡುವವರು. ವಸಂತದಲ್ಲಿ ಬಂದರು, ನಮ್ಮ ಅಟ್ಟದ ಕಪಾಟು ತೆರೆದರು, ಆ ಹಾಡಿನ ಹಾಳೆಗಳನ್ನು ನೋಡಿದರು. ಸ್ವರಗಳ ಕೆಳಗೆ ಲ್ಯಾಟಿನ್ ಪ್ರಾರ್ಥನೆ ಬರೆದ ಉದ್ದುದ್ದ ಕಾಗದದ ಪಟ್ಟಿಗಳನ್ನು ಅಂಟಿಸಿದ್ದರು. ಅವರು ಹಬೆ ಹಿಡಿದು, ಚಿಮಟದಲ್ಲಿ ಒಂದೊಂದೇ ಪಟ್ಟಿಯನ್ನು ಎಬ್ಬಿಸಿದರು. ಕೆಳಗೆ ಏನಿತ್ತು? ಇಟಾಲಿಯನ್ ಇತ್ತು. ಪ್ರೇಮದ ಮಾತಿತ್ತು. ಮರೆತುಹೋದ ಯಾವುದೋ ಸಂಗೀತ ನಾಟಕದಲ್ಲಿ ಒಬ್ಬ ಹೆಣ್ಣು, ಮುನಿಸಿಕೊಂಡು ಹೊರಟುನಿಂತ ತನ್ನ ನಲ್ಲನಿಗೆ ಹೇಳುವ ಮಾತು: ಕೋಪವಿದ್ದರೆ ಇರಲಿ, ಹೋಗುವುದಾದರೆ ಹೋಗು, ಆದರೆ ಒಮ್ಮೆ, ಒಂದೇ ಒಂದು ಸಲ, ತಿರುಗಿ ನನ್ನನ್ನು ನೋಡು.

ಇಷ್ಟೇ. ಇದಕ್ಕೆ ಕಮಿಟಿ ಬರೆದದ್ದನ್ನು ಓದುತ್ತೇನೆ, ಕನ್ನಡಕ ಹಾಕಿಕೊಳ್ಳಲು ಒಂದು ಕ್ಷಣ ಕೊಡಿ. “ಸದರಿ ಗೀತೆಯು ಲೌಕಿಕ ಶೃಂಗಾರದ್ದೆಂದು ಸಾಬೀತಾಗಿರುವುದರಿಂದ, ಭಕ್ತಾದಿಗಳಿಗೆ ಎರಡು ಶತಮಾನಗಳಿಂದ ಆಗಿರುವ ವಂಚನೆಯನ್ನು ಕೊನೆಗೊಳಿಸಿ, ಹಾಳೆಗಳನ್ನು ಮ್ಯೂಸಿಯಂಗೆ ಒಪ್ಪಿಸಲು ತೀರ್ಮಾನಿಸಲಾಗಿದೆ. ಅಂತಹ ಮಾತು ನಮ್ಮ ಚರ್ಚಿನೊಳಗೆ ಇದುವರೆಗೂ ಬಾಯಿಬಿಟ್ಟು ಉಚ್ಚಾರವಾಗಿಲ್ಲವೆಂಬುದು ಸಮಾಧಾನದ ಸಂಗತಿ.” ಇದರ ಕೆಳಗೆ ಐದು ರುಜು. ಐವರಲ್ಲಿ ನಾಲ್ವರ ಮದುವೆಗೆ ಹಾಡಿದವಳು ನಾನು.

ವಂಚನೆಯಂತೆ! ಯಾರು ಯಾರನ್ನು ವಂಚಿಸಿದರು ಸ್ವಾಮಿ?

ಆ ಪಟ್ಟಿಗಳನ್ನು ಅಂಟಿಸಿದವನು ನಮ್ಮೂರ ಆಗಿನ ಶಾಲಾಮಾಸ್ತರ, ಯಾಕೋಬ್ ಪಾಯರ್. ಹಾಳೆಯ ಮೂಲೆಯಲ್ಲಿ ಅವನ ಹೆಸರಿದೆ. ಬೆಳಿಗ್ಗೆ ಮಕ್ಕಳಿಗೆ ಮಗ್ಗಿ ಹೇಳಿಕೊಡುವುದು, ಭಾನುವಾರ ಆರ್ಗನ್ ನುಡಿಸುವುದು, ಸತ್ತವರ ಮನೆಗೆ ಹೋಗಿ ಹಾಡುವುದು, ಎಲ್ಲ ಅವನದೇ ಕೆಲಸ. ಆಗಿನ ಕಾಲಕ್ಕೆ ರಾಜಧಾನಿಯ ನಾಟಕಶಾಲೆಗಳಲ್ಲಿ ಎಂಥೆಂಥ ಹಾಡು ಹುಟ್ಟುತ್ತಿದ್ದವು! ಹೊಲದಲ್ಲಿ ಆಲೂಗಡ್ಡೆ ಅಗೆಯುವವರಿಗೆ ಅವನ್ನು ಕೇಳಿಸುವವರು ಯಾರು? ನಮ್ಮ ಮಾಸ್ತರರು ಯಾರದೋ ಕೈಕಾಲು ಹಿಡಿದು ಒಂದು ಪ್ರತಿ ತರಿಸುತ್ತಿದ್ದರು, ಪ್ರೇಮದ ಮಾತಿನ ಮೇಲೆ ದೇವರ ಮಾತು ಅಂಟಿಸುತ್ತಿದ್ದರು, ಭಾನುವಾರ ಊರಿಗೆಲ್ಲ ಕೇಳಿಸುತ್ತಿದ್ದರು. ಇವನೊಬ್ಬನೇ ಅಲ್ಲ, ಈ ಸೀಮೆಯ ಮಾಸ್ತರರೆಲ್ಲ ಮಾಡುತ್ತಿದ್ದದ್ದೇ ಅದು ಎಂದು ಡಾಕ್ಟರ್ ಅವರೇ ನನಗೆ ಹೇಳಿದರು. ಹೌದು ತಾನೆ, ಡಾಕ್ಟರ್? ನೋಡಿ, ತಲೆ ಆಡಿಸುತ್ತಿದ್ದಾರೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರು ಅಂಟು ಬಿಡಿಸಿದರು, ಅದು ಅವರ ಕೆಲಸ. ಆ ಅಂಟು ರೈ ಎಂಬ ಧಾನ್ಯದ ಹಿಟ್ಟಿನದು, ನಾವು ಬ್ರೆಡ್ಡಿಗೆ ಹಾಕುವುದೇ, ಒಂದು ಚೂರು ನಾಲಿಗೆಗೆ ಹಚ್ಚಿ ನೋಡಿದೆ. ಇನ್ನೂರು ವರ್ಷ ಹಿಡಿದುಕೊಂಡಿದೆ ಎಂದರೆ ಒಳ್ಳೆಯ ಹಿಟ್ಟು.

ಮತ್ತು ಆ ಮಾಸ್ತರ ಎಂಥ ಜಾಣ! ಇಟಾಲಿಯನ್ನಿನಲ್ಲಿ ಹೆಣ್ಣು ಗಂಡಿಗೆ ‘ತಿರುಗಿ ನೋಡು’ ಎನ್ನುವ ಜಾಗದಲ್ಲಿ ಅವನು ಲ್ಯಾಟಿನ್ನಿನಲ್ಲಿ ಏನು ಬರೆದ? ‘ತಾಯೇ, ನಿನ್ನ ಕಣ್ಣು ನಮ್ಮ ಕಡೆ ತಿರುಗಿಸು’ ಎಂದು ಬರೆದ. ಒಬ್ಬಳು ಮುನಿದ ನಲ್ಲನನ್ನು ಕೇಳುತ್ತಾಳೆ, ಇನ್ನೊಬ್ಬರು ದೇವಮಾತೆಯನ್ನು ಕೇಳುತ್ತಾರೆ. ಕೇಳುವುದು ಒಂದೇ ಅಲ್ಲವೇ? ನನ್ನನ್ನು ನೋಡು ಎನ್ನುವುದಕ್ಕಿಂತ ದೊಡ್ಡ ಪ್ರಾರ್ಥನೆ ಯಾವುದಿದೆ, ಫಾದರ್? ನೀವು ಓದಿದವರು. ಇದ್ದರೆ ಹೇಳಿ, ನಾನು ಈಗಲೇ ಕೂತುಬಿಡುತ್ತೇನೆ.

ಕೂತುಕೋ ಎಂದು ಮೇಯರ್ ಸನ್ನೆ ಮಾಡುತ್ತಿದ್ದಾರೆ. ಇಲ್ಲಪ್ಪ ಗೆರ್ನೋಟ್, ಫಾದರ್ ಇನ್ನೂ ಉತ್ತರ ಹೇಳಿಲ್ಲ.

ಇನ್ನೊಂದು ಮಾತು. ಅಂಟಿನ ಕೆಳಗೆ ಏನಿದೆ ಎಂದು ಈ ವಸಂತದಲ್ಲಿ ‘ಪತ್ತೆಯಾಯಿತು’ ಎನ್ನುತ್ತೀರಿ. ಯಾರಿಗೆ ಪತ್ತೆಯಾಯಿತು? ನಿಮಗೆ. ನಮಗೆ ಯಾವಾಗಲೂ ಗೊತ್ತಿತ್ತು.

ಈ ಹಾಡನ್ನು ನನಗೆ ಕಲಿಸಿದವಳು ಸೂಲಗಿತ್ತಿ ಕ್ರೆಸೆನ್ಸ್. ಇಲ್ಲಿ ಕೂತಿರುವ ಅರ್ಧ ಜನರನ್ನು ಭೂಮಿಗೆ ತಂದವಳು. ಅಂಗಡಿಯ ಹಿಂದಿನ ಕೋಣೆಯಲ್ಲಿ, ಹಿಟ್ಟಿನ ಮೂಟೆಗಳ ನಡುವೆ ಪಾಠ. ಒಂದು ಕಡೆ ನನ್ನ ಉಸಿರು ಸದಾ ತಪ್ಪುತ್ತಿತ್ತು. ಲ್ಯಾಟಿನ್ ಪದದ ನಟ್ಟನಡುವೆ, ಅರ್ಧ ಪದ ಬಾಯಲ್ಲಿರುವಾಗ, ಸ್ವರ ನಿಂತುಹೋಗಿ ಒಂದು ಮೌನ ಬರುತ್ತದೆ. ನಾನು ಅಲ್ಲಿ ನಿಲ್ಲದೆ ಎಳೆದುಬಿಡುತ್ತಿದ್ದೆ.

“ಅಯ್ಯೋ ಹುಡುಗಿ, ಅಲ್ಲಿ ನಿಲ್ಲಿಸೇ!” ಎಂದಳು ಕ್ರೆಸೆನ್ಸ್.

“ಪದದ ಮಧ್ಯೆ ಯಾಕಮ್ಮ ನಿಲ್ಲಿಸ್ಬೇಕು? ಅರ್ಥಾನೇ ಇಲ್ವಲ್ಲ.”

“ಮೇಲೆ ಇಲ್ಲ, ಕೆಳಗಡೆ ಇದೆ. ಬಾಗಿಲು ಹಾಕ್ಕೊಂಡು ಬಾ, ಹೇಳ್ತೀನಿ.”

ಬಾಗಿಲು ಹಾಕಿ ಬಂದೆ. ಕೆಳಗಿನ ಮಾತನ್ನು ಅವಳು ಇಟಾಲಿಯನ್ನಿನಲ್ಲೇ ಬಾಯಿಪಾಠ ಹೇಳಿದಳು, ಅರ್ಥವನ್ನೂ ಬಿಡಿಸಿದಳು. ಅವಳಿಗೆ ಅವಳಿಗಿಂತ ಮುಂಚೆ ಹಾಡುತ್ತಿದ್ದ ಗಿರಣಿಯವನ ಹೆಂಡತಿ ಹೇಳಿದ್ದು, ಆಕೆಗೆ ಇನ್ಯಾರೋ. ‘ಹೋಗುವುದಾದರೆ ಹೋಗು’ ಎಂದ ಮೇಲೆ ಆ ಮೌನ. ಆಮೇಲೆ ‘ಆದರೆ’. ಆ ಹೆಣ್ಣಿಗೆ ಅಲ್ಲಿ ದನಿ ಬಿದ್ದುಹೋಗುತ್ತದೆ, ಸಭಿಕರೇ. ಹೋಗು ಎಂದುಬಿಟ್ಟಳಲ್ಲ, ಎಲ್ಲಿ ನಿಜವಾಗಿಯೂ ಹೋಗಿಬಿಡುತ್ತಾನೋ ಎಂಬ ಹೆದರಿಕೆ. ಇದು ಗೊತ್ತಿಲ್ಲದೆ ಆ ಹಾಡನ್ನು ಹಾಡಲಿಕ್ಕೇ ಬರುವುದಿಲ್ಲ.

“ಬಾಯಲ್ಲಿ ಲ್ಯಾಟಿನ್ನೇ ಹಾಡು,” ಎಂದಳು ಕ್ರೆಸೆನ್ಸ್. “ಆದ್ರೆ ಯಾರಿಗೆ ನೋಡು ಅಂತಿದೀಯ ಅನ್ನೋದು ನಿಂಗೆ ಗೊತ್ತಿರ್ಲಿ. ನಂಗಂತೂ ಗೊತ್ತಿತ್ತು.”

“ಯಾರಿಗಮ್ಮ?”

“ಹೋಗೇ, ಒಲೇಲಿ ಬ್ರೆಡ್ ಸೀಯ್ತಿದೆ.”

ಸೀಯುತ್ತಿರಲಿಲ್ಲ. ಆಕೆ ಕೊನೆಗೂ ಹೇಳಲಿಲ್ಲ.

ಹೀಗೆ ಅಟ್ಟದ ಮೇಲಿನ ಹೆಂಗಸರು ಒಬ್ಬರ ಕಿವಿಯಿಂದ ಒಬ್ಬರ ಕಿವಿಗೆ ಇನ್ನೂರು ವರ್ಷ ದಾಟಿಸಿದ್ದಾರೆ. ಅಂಟಿನ ಕೆಳಗೆ ಯಾರೂ ನೋಡಿರಲಿಲ್ಲ, ನೋಡುವ ಅಗತ್ಯವೂ ಇರಲಿಲ್ಲ. ಡಾಕ್ಟರ್ ಅವರು ಎಬ್ಬಿಸಿದ ಮಾತಿಗೂ ನಾನು ಕಲಿತ ಮಾತಿಗೂ ಒಂದಕ್ಷರ ಹೆಚ್ಚುಕಡಿಮೆ ಇಲ್ಲ. ನಮ್ಮನ್ನು ಕೇಳಿದ್ದರೆ ಹಬೆಯ ಖರ್ಚು ಉಳಿಯುತ್ತಿತ್ತು!

ನಗಬೇಡಿ. ನಾನಿನ್ನೂ ಸಿಟ್ಟಿನಲ್ಲೇ ಇದ್ದೇನೆ.

ಕಮಿಟಿಯ ಆ ಕೊನೆಯ ಸಾಲನ್ನು ಮತ್ತೆ ನೋಡಿ. ಅಂತಹ ಮಾತು ಚರ್ಚಿನೊಳಗೆ ಇದುವರೆಗೂ ಉಚ್ಚಾರವಾಗಿಲ್ಲ, ಅದೇ ಸಮಾಧಾನ. ಈ ಸಮಾಧಾನ ಸುಳ್ಳು. ಸುಳ್ಳಿನ ಮೇಲೆ ರುಜು ಹಾಕಿದ್ದೀರಿ. ಆ ಮಾತು ನಮ್ಮ ಚರ್ಚಿನಲ್ಲಿ ಉಚ್ಚಾರವಾಗಿದೆ. ಹಬ್ಬದ ದಿನ, ತುಂಬಿದ ಪೂಜೆಯಲ್ಲಿ, ಗಟ್ಟಿಯಾಗಿ. ಉಚ್ಚರಿಸಿದವಳು ನಾನು.

ಇದನ್ನು ಹೇಳಬೇಕೆಂದು ಮನೆಯಿಂದ ಹೊರಟಿರಲಿಲ್ಲ. ಬರೆದುಕೊಂಡು ಬಂದ ಹಾಳೆಯಲ್ಲೂ ಇಲ್ಲ. ಆದರೆ ಬಾಯಿ ತೆರೆದಾಗಿದೆ.

ನಾನು ಹಾಡಲು ಶುರುಮಾಡಿದ ಮೂರನೆಯ ವರ್ಷ ಅದು. ಫೆಬ್ರವರಿಯಲ್ಲಿ ಲಿನ್ಟ್ಸ್ ಆಸ್ಪತ್ರೆಯಲ್ಲಿ ನನಗೊಂದು ಗಂಡುಮಗುವಾಯಿತು. ಲಿಯೊಪೋಲ್ಡ್ ಎಂದು ಹೆಸರಿಟ್ಟೆವು. ಉಪವಾಸದ ಕಾಲಕ್ಕೆ ಮುಂಚೆ ಊರೆಲ್ಲ ತಿಂದುಣ್ಣುವ ಕಾರ್ನಿವಲ್ ವಾರದ ಶುಕ್ರವಾರ ಹುಟ್ಟಿದ. ನಿಮಗೆಲ್ಲ ಗೊತ್ತು, ಬೇಕರಿಯವನಿಗೆ ವರ್ಷದಲ್ಲಿ ಅದಕ್ಕಿಂತ ದೊಡ್ಡ ವಾರವಿಲ್ಲ. ಜಾಮ್ ತುಂಬಿದ ಕ್ರಾಪ್ಫೆನ್ ಕರಿದಷ್ಟೂ ಸಾಲದು. ಮಗುವಿನ ಉಸಿರಾಟ ಸರಿಯಿರಲಿಲ್ಲ. ನನ್ನ ಗಂಡ ಆಲೋಯಿಸನಿಗೆ ಶನಿವಾರ ಫೋನ್ ಹೋಯಿತು, ಸೋಮವಾರವೂ ಹೋಯಿತು. ಅವನು ಬಂದದ್ದು ಮಂಗಳವಾರ ಸಂಜೆ. ಕಿವಿಯ ಹಿಂದೆ ಹಿಟ್ಟು ಹಾಗೆಯೇ ಇತ್ತು. ಕೈಯಲ್ಲಿ ದಾದಿಯರಿಗೆಂದು ಒಂದು ಡಬ್ಬ ಕ್ರಾಪ್ಫೆನ್. ಮಧ್ಯಾಹ್ನವೇ ಮಗು ಹೋಗಿತ್ತು.

ಅವನು ಕೆಟ್ಟವನಾಗಿರಲಿಲ್ಲ. ಹೆದರಿದ್ದ. ಒಲೆಯ ಮುಂದೆ ಕೆಲಸ ಮಾಡುತ್ತಲೇ ಇದ್ದರೆ ಕೆಟ್ಟ ಸುದ್ದಿ ಬರುವುದಿಲ್ಲ ಎಂದುಕೊಂಡಿದ್ದ. ಇದು ನನಗೆ ಆಮೇಲೆ ತಿಳಿದದ್ದು. ಆವತ್ತು ನಾನು ಆ ಡಬ್ಬವನ್ನು ನೋಡಿದೆ, ಗೋಡೆಯ ಕಡೆ ತಿರುಗಿ ಮಲಗಿದೆ. ಅಲ್ಲಿಂದ ಆರು ತಿಂಗಳು ಅವನೊಂದಿಗೆ ಒಂದು ಮಾತಾಡಲಿಲ್ಲ. ಒಂದೇ ಮನೆ, ಒಂದೇ ಅಂಗಡಿ, ಒಂದೇ ಮೇಜಿನ ಮೇಲೆ ಊಟ. ಹೇಳಬೇಕಾದದ್ದನ್ನು ಬಾಗಿಲ ಬಳಿಯ ಸ್ಲೇಟಿನ ಮೇಲೆ ಬರೆಯುತ್ತಿದ್ದೆವು. ‘ರೈ ಹಿಟ್ಟು ಮುಗಿದಿದೆ.’ ‘ಗುರುವಾರ ಚಿಮಣಿ ಗುಡಿಸುವವನು ಬರುತ್ತಾನೆ.’ ಅವನೊಮ್ಮೆ ‘ರೋಸಿ’ ಎಂದಷ್ಟೇ ಬರೆದಿದ್ದ. ಒರೆಸಿ ‘ಉಪ್ಪು’ ಎಂದು ಬರೆದೆ.

ಆಗಸ್ಟ್ ಬಂತು. ಊರಿನವರೆಲ್ಲ ಹೊಲದ ಬದಿಯ ಗಿಡಮೂಲಿಕೆಗಳನ್ನು ಕಟ್ಟುಕಟ್ಟಿ, ಆಶೀರ್ವಾದಕ್ಕೆಂದು ಚರ್ಚಿಗೆ ತಂದಿದ್ದರು. ಅಟ್ಟದವರೆಗೂ ಅದರ ಘಮ ಏರಿತ್ತು. ಅಟ್ಟದಿಂದ ನಮಗೆ ಏನು ಕಾಣುತ್ತದೆ? ಬೆನ್ನು ಮತ್ತು ಹಿಂದಲೆ. ನಾವು ಹಿಂದೆ, ಮೇಲೆ. ನೀವೆಲ್ಲ ಮುಂದೆ, ಪೀಠದ ಕಡೆ ಮುಖಮಾಡಿ. ಪೂಜೆಯ ನಡುವೆ ಹಿಂತಿರುಗಿ ನೋಡುವುದು ಈ ಊರಿನಲ್ಲಿ ಮಕ್ಕಳಿಗೂ ಏಟು ಬೀಳುವಂಥ ತಪ್ಪು. ಗಂಡಸರ ಸಾಲಿನಲ್ಲಿ ನಾಲ್ಕನೆಯ ಬೆಂಚಿನಲ್ಲಿ ಆಲೋಯಿಸನ ಹಿಂದಲೆ. ಅದು ನೆರೆತದ್ದು ಆ ಆರು ತಿಂಗಳಲ್ಲಿ ಎಂದು ಅಲ್ಲಿಂದ ನೋಡಿದಾಗ ಗೊತ್ತಾಯಿತು.

ನಾನು ಲ್ಯಾಟಿನ್‌ನಲ್ಲೇ ಹಾಡುತ್ತಿದ್ದೆ. ದೇವರಾಣೆಗೂ ಹೇಳುತ್ತೇನೆ, ಬೇರೆ ಯೋಚನೆ ಇರಲಿಲ್ಲ. ಆ ಮೌನ ಬಂತು. ನಿಲ್ಲಿಸಿದೆ. ಮತ್ತೆ ದನಿ ಎತ್ತಿದಾಗ ಬಾಯಿಗೆ ಬಂದದ್ದು ಕೆಳಗಿನ ಮಾತು. ಆದರೆ ಒಮ್ಮೆ, ಒಂದೇ ಒಂದು ಸಲ, ತಿರುಗಿ ನನ್ನನ್ನು ನೋಡು. ಆ ಸಾಲನ್ನು ಹಾಡಿನಲ್ಲಿ ಮೂರು ಸಲ ಹೇಳಬೇಕು. ಮೂರು ಸಲವೂ ಇಟಾಲಿಯನ್‌ನಲ್ಲೇ ಹೇಳಿದೆ. ಊರಿಗೆ ಲ್ಯಾಟಿನ್ ಯಾವುದು, ಇಟಾಲಿಯನ್ ಯಾವುದು ಗೊತ್ತೇ? ಒಬ್ಬರೂ ಅಲುಗಲಿಲ್ಲ. ಆದರೆ ಆಲೋಯಿಸ್ ಹುಡುಗನಾಗಿದ್ದಾಗ ಎರಡು ವರ್ಷ ಇಟಲಿಯ ಟ್ರಿಯೆಸ್ಟೆಯ ಬೇಕರಿಯಲ್ಲಿ ಕೆಲಸ ಕಲಿತವನು.

ಮೊದಲ ಸಲಕ್ಕೆ ಅವನ ಭುಜ ಬಿಗಿಯಿತು. ಎರಡನೆಯ ಸಲಕ್ಕೆ ತಲೆ ತಗ್ಗಿತು. ಮೂರನೆಯ ಸಲ, ಇನ್ನೂರು ಬೆನ್ನುಗಳ ನಡುವೆ, ಒಂದು ಮುಖ ತಿರುಗಿತು. ಪಕ್ಕದ ಕಮ್ಮಾರ ಮೊಣಕೈಯಲ್ಲಿ ತಿವಿದ. ಆಲೋಯಿಸ್ ಲೆಕ್ಕಿಸಲಿಲ್ಲ. ಹಾಡು ಮುಗಿಯುವವರೆಗೂ ಕತ್ತು ಎತ್ತಿ ಅಟ್ಟದ ಕಡೆಯೇ ನೋಡುತ್ತಿದ್ದ.

ಮನೆಗೆ ಬಂದೆವು. ಅವನು ಟೋಪಿ ತೆಗೆದಿಟ್ಟ. ಆರು ತಿಂಗಳ ಮೇಲೆ ಅವನ ಬಾಯಿಂದ ಬಂದ ಮೊದಲ ಮಾತು ಏನು ಗೊತ್ತೇ?

“ಟ್ರಿಯೆಸ್ಟೆಲಿ ಯಾರೂ ಹಾಗೆ ಹೇಳಲ್ಲ. ನಿನ್ನ ಉಚ್ಚಾರಣೆ ಸರಿ ಇಲ್ಲ.”

ನನಗೆ ಮೈಯೆಲ್ಲ ಉರಿಯಿತು. “ಹೌದಾ? ಇನ್ನು ಹೇಗಪ್ಪಾ ಹೇಳ್ತಾರೆ? ದೊಡ್ಡ ಪಂಡಿತ ನೀನು, ಹೇಳು ನೋಡೋಣ!”

ಹೇಳಿದ. ಅಡುಗೆಮನೆಯ ಮಧ್ಯೆ ನಿಂತು, ಅಂಗೈ ಒರೆಸಿಕೊಳ್ಳುತ್ತಾ, ಒಂದೊಂದೇ ಪದ ಬಿಡಿಸಿ ಹೇಳಿದ. ಒಮ್ಮೆ ತಿರುಗಿ ನನ್ನನ್ನು ನೋಡು.

“ಕೇಳಿಸ್ಲಿಲ್ಲ. ಇನ್ನೊಂದ್ಸಲ ಹೇಳು,” ಎಂದೆ.

ಇನ್ನೊಂದು ಸಲ ಹೇಳಿದ. ಆಮೇಲೆ ಇಬ್ಬರೂ ಕೂತು ಲಿಯೊಪೋಲ್ಡನಿಗಾಗಿ ಅತ್ತೆವು. ಅದುವರೆಗೆ ಒಟ್ಟಿಗೆ ಅತ್ತಿರಲಿಲ್ಲ.

ಕ್ಷಮಿಸಿ. ನೀರು ಸಾಕು, ಆಫ್ರಾ, ಸಾಕು.

ಆಗಿನ ಪಾದ್ರಿ ಫಾದರ್ ಎಂಗೆಲ್‌ಬರ್ಟ್ ಮರುದಿನ ಬ್ರೆಡ್ ಕೊಳ್ಳಲು ಬಂದರು. ಅವರಿಗೆ ಲ್ಯಾಟಿನ್ ಚೆನ್ನಾಗಿ ಗೊತ್ತಿತ್ತು.

“ನಿನ್ನೆ ಮಧ್ಯದಲ್ಲಿ ನಿನ್ನ ಲ್ಯಾಟಿನ್ನು ಸ್ವಲ್ಪ ದಕ್ಷಿಣಕ್ಕೆ, ಇಟಲಿ ಕಡೆಗೆ ಹೋಗ್ಬಿಡ್ತಲ್ಲ, ರೋಸಾಲಿಯಾ?”

“ಹೋಯ್ತು ಫಾದರ್. ತಪ್ಪಾಯ್ತು.”

“ಹೋದದ್ದಕ್ಕೆ ಏನಾದ್ರೂ ಸಿಕ್ತಾ?”

ನಾನು ಒಲೆಮನೆಯ ಕಡೆ ನೋಡಿದೆ. ಆಲೋಯಿಸ್ ಒಳಗೆ ಶಿಳ್ಳೆ ಹಾಕುತ್ತಿದ್ದ.

“ಸಿಕ್ತು ಫಾದರ್.”

“ಹಾಗಾದ್ರೆ ಅರ್ಧ ಕಿಲೋದ್ದು ಕೊಡು. ಚೆನ್ನಾಗಿ ಕೆಂಪಗೆ ಬೆಂದಿರೋದು.”

ಅಷ್ಟೇ. ಅವರು ಕಮಿಟಿ ಕರೆಯಲಿಲ್ಲ, ಕಾಗದ ಬರೆಯಲಿಲ್ಲ.

ಈಗ ನೀವು ಹೇಳಿ. ನಮ್ಮ ಚರ್ಚು ಆವತ್ತು ಮೈಲಿಗೆಯಾಯಿತೇ? ಗೋಪುರ ಬಿತ್ತೇ? ಆ ಹಾಳೆಗಳನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು, ಪಕ್ಕದಲ್ಲಿ ಚೀಟಿ ಅಂಟಿಸಿ, ಶಾಲೆಯ ಮಕ್ಕಳನ್ನು ಸಾಲಾಗಿ ನಡೆಸಿಕೊಂಡು ಹೋಗಿ ತೋರಿಸುತ್ತೀರಂತೆ. ತೋರಿಸಿ, ಬೇಡ ಎನ್ನುವುದಿಲ್ಲ. ಕಾಗದ ಹಳೆಯದು, ಇಲಿ ತಿನ್ನುವುದಕ್ಕಿಂತ ಪೆಟ್ಟಿಗೆಯಲ್ಲಿರುವುದು ಲೇಸು. ಆದರೆ ಹಾಡು ಕಾಗದವಲ್ಲ. ಅದನ್ನು ಕೇಳದೆ ಈ ಊರಿಗೆ ಒಂದೇ ಒಂದು ಆಗಸ್ಟ್ ದಾಟಿಹೋದರೂ ಮುಂದಿನ ವರ್ಷಕ್ಕೆ ಬೇರೆ ಏನಾದರೂ ಬರುತ್ತದೆ. ಅದರ ಮುಂದಿನ ವರ್ಷ ಯಾರೂ ಕೇಳುವುದೂ ಇಲ್ಲ. ಆಫ್ರಾ ಎರಡು ವರ್ಷ, ಹಿಮದಲ್ಲಿ ಟಪಾಲು ಹಂಚಿ ಮುಗಿಸಿ ಒದ್ದೆ ಬೂಟಿನಲ್ಲಿ ನನ್ನ ಮನೆಗೆ ಬಂದು ಕಲಿತಿದ್ದಾಳೆ. ಅವಳು ಇನ್ನೊಬ್ಬಳಿಗೆ ದಾಟಿಸಬೇಕು. ಅವಳ ಬಾಯಿ ಕಟ್ಟಿದರೆ ಅಲ್ಲಿಗೆ ಮುಗಿಯಿತು. ಇದು ನನ್ನ ಮಾನದ ಪ್ರಶ್ನೆಯಲ್ಲ. ನನ್ನ ಪಾಲಿನದು ನನಗೆ ಸಿಕ್ಕಾಗಿದೆ.

ಈ ಸರ್ಟಿಫಿಕೇಟನ್ನು ಮೇಜಿನ ಮೇಲೆಯೇ ಇಡುತ್ತೇನೆ. ‘ದೀರ್ಘಕಾಲದ ಸೇವೆಗಾಗಿ’ ಎಂದು ಬರೆದಿದ್ದೀರಿ. ಯಾವ ಸೇವೆ? ನೀವೇ ವಂಚನೆ ಎಂದ ಕೆಲಸವನ್ನೇ ತಾನೆ ನಾನು ಮೂವತ್ತೆಂಟು ವರ್ಷ ಮಾಡಿದ್ದು? ಎರಡರಲ್ಲಿ ಒಂದನ್ನು ಹಿಂದಕ್ಕೆ ತೆಗೆದುಕೊಳ್ಳಿ, ಕಾಗದವನ್ನಾದರೂ ಸರಿ, ಚೌಕಟ್ಟನ್ನಾದರೂ ಸರಿ.

ಫಾದರ್ ಕ್ಲೆಮೆನ್ಸ್, ಕೊನೆಯದಾಗಿ ನಿಮಗೆ ಒಂದು ಮಾತು. ನನ್ನ ಮಗ ಬದುಕಿದ್ದಿದ್ದರೆ ಅವನಿಗೆ ಈಗ ನಿಮ್ಮ ವಯಸ್ಸು, ಅದಕ್ಕೆ ಸಲಿಗೆಯಿಂದ ಹೇಳುತ್ತಿದ್ದೇನೆ. ನೀವು ಈ ಊರಿಗೆ ಬಂದದ್ದು ನವೆಂಬರಿನಲ್ಲಿ. ಹಬ್ಬ ಬರುವುದು ಆಗಸ್ಟಿನಲ್ಲಿ. ಅಂದರೆ ಕಾಗದದ ಮೇಲೆ ನಿಮ್ಮ ರುಜು ಬಿತ್ತು, ಹಾಡು ಮಾತ್ರ ನಿಮ್ಮ ಕಿವಿಗೆ ಇನ್ನೂ ಬಿದ್ದಿಲ್ಲ. ಕೇಳದೇ ಬೇಡ ಎಂದಿರಿ.

ಇದು ಚರ್ಚಲ್ಲ, ಅಗ್ನಿಶಾಮಕ ದಳದ ಹಾಲ್. ಇಲ್ಲಿ ಕಮಿಟಿಯ ನಿಯಮ ನಡೆಯುವುದಿಲ್ಲ. ಮೂಲೆಯಲ್ಲಿ ಪಿಯಾನೊ ಇದೆ, ಆರ್ಗನ್ ನುಡಿಸುವ ನಮ್ಮ ಬರ್ಟಾಲ್ಡ್ ಅದರ ಮುಂದೆ ಆಗಲೇ ಕೂತಿದ್ದಾನೆ. ಆಫ್ರಾ, ಎದ್ದು ಬಾ ಮಗಳೇ. ಮೇಲಿನ ಮಾತು ಹಾಡುತ್ತೀಯೋ ಕೆಳಗಿನದೋ, ಅದು ನಿನಗೆ ಬಿಟ್ಟದ್ದು. ಫಾದರ್, ನೀವು ಏಳು ನಿಮಿಷ ಕೇಳಿ. ಮುಗಿದ ಮೇಲೆ, ಇಷ್ಟು ಜನರ ಎದುರು ಎದ್ದು ನಿಂತು, ಅವಳ ಮುಖ ನೋಡಿ, ಆಗಸ್ಟಿನಲ್ಲಿ ಬೇಡ ಎಂದು ಹೇಳಿ. ಹೇಳಲು ಸಾಧ್ಯವಾದರೆ ನಾನು ಇನ್ನೆಂದೂ ಈ ವಿಷಯ ಎತ್ತುವುದಿಲ್ಲ.

ಇಷ್ಟು ಹೊತ್ತು ಒಬ್ಬ ಮುದುಕಿಯ ಕೂಗಾಟ ಸಹಿಸಿಕೊಂಡ ಎಲ್ಲರಿಗೂ ಉಪಕಾರವಾಯಿತು. ಬಿಯರಿನ ಮೇಜಿನವರು ಲೋಟ ಕೆಳಗಿಡಿ, ಕುರ್ಚಿ ಎಳೆಯುವವರು ಈಗಲೇ ಎಳೆದುಕೊಳ್ಳಿ. ಆ ಮೌನ ಬಂದಾಗ ಒಬ್ಬರೂ ಕೆಮ್ಮಬೇಡಿ. ನಿಮಗೆಲ್ಲ ನನ್ನ ನಮಸ್ಕಾರ. ನಡಿ ಬರ್ಟಾಲ್ಡ್, ಶುರುಮಾಡು.